ದೋಣಿಯಲ್ಲಿ ಸುಮ್ಮನೆ ಕೂರುವ ಹರಕೆ

ಜಾವಗಲ್ಲಿನ ಬೋರಯ್ಯನ ಹೆಂಡತಿ ಸಾವಿತ್ರಮ್ಮನಿಗೆ ದೋಣಿಯಲ್ಲಿ ಕೂರಬೇಕೆಂಬ ಆಸೆ ಹುಟ್ಟಿದ್ದು ಹಳೇಬೀಡಿನ ತವರುಮನೆಯಲ್ಲಿ, ಅಣ್ಣನ ಮೊಮ್ಮಗುವಿನ ನಾಮಕರಣದ ದಿನ, ಹಿತ್ತಿಲಿನ ಒಲೆಯ ಮುಂದೆ ಅನ್ನ ಬಸಿಯುವ ಹೊತ್ತಿನಲ್ಲಿ. ಅಣ್ಣನ ಮಗಳು ಹೇಮಾಶ್ರೀ ಮೊಬೈಲು ಹಿಡಿದು ಬಂದು, "ಅತ್ತೆ, ಇಲ್ನೋಡಿ" ಎಂದಳು. ಮದುವೆಯ ಹೊಸದರಲ್ಲಿ ಗಂಡನ ಜೊತೆ ಕೊಡೈಕೆನಾಲಿಗೆ ಹೋದಾಗಿನ ವಿಡಿಯೊ. ಬೆಟ್ಟಗಳ ನೆತ್ತಿಯ ಮೇಲೆ ಒಂದು ದೊಡ್ಡ ಕೆರೆ. ಸುತ್ತ ಕಾಡು. ಮೋಡ ಇಳಿದು ನೀರಿನ ಮೇಲೆ ನಡೆದಾಡುತ್ತಿತ್ತು. ನಡುವೆ ಒಂದು ದೋಣಿ, ದೋಣಿಯಲ್ಲಿ ಹೇಮಾಶ್ರೀ.

"ಏನ್ ಮಾಡ್ತಿದೀಯೇ ಅಲ್ಲಿ?" ಎಂದಳು ಸಾವಿತ್ರಮ್ಮ.

"ಏನೂ ಇಲ್ಲ ಅತ್ತೆ. ಸುಮ್ನೆ ಕೂತಿದೀನಿ."

"ಸುಮ್ನೆ?"

"ಸುಮ್ನೆ."

"ಮತ್ತೆ ಹುಟ್ಟು ಹಾಕಾದು?"

"ಅದಕ್ಕೆ ಬೇರೆ ಜನ ಇರ್ತಾರೆ."

ಸಾವಿತ್ರಮ್ಮ ಇನ್ನೊಮ್ಮೆ ತೋರಿಸು ಎಂದಳು. ತೋರಿಸಿದಳು. ಮತ್ತೊಮ್ಮೆ ಎಂದಳು. ಆ ದಿನ ನಾಮಕರಣಕ್ಕೆ ಬಂದವರೆಲ್ಲ ಮುದ್ದೆಯಂತಾದ ಅನ್ನ ಉಂಡು, ಅಡಿಗೆಯವರನ್ನು ಬೈದುಕೊಂಡು ಹೋದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳು ಕಂಬಿ ಹಿಡಿದು ನಿಂತಿದ್ದ ಗಂಡನಿಗೆ ಹೇಳಿದಳು. "ರೀ, ನಾನು ಕೂತಿರಬೇಕು, ಅದು ಹೋಯ್ತಾ ಇರಬೇಕು. ಒಂದೇ ಒಂದ್ ಸಲ."

"ಬಸ್ಸಲ್ಲೂ ಹಂಗೇ ಅಲ್ವೇನೇ?" ಎಂದ ಬೋರಯ್ಯ.

ಸಾವಿತ್ರಮ್ಮ ತನ್ನನ್ನೇ ಒಮ್ಮೆ ನೋಡಿಕೊಂಡಳು. ತೊಡೆಯ ಮೇಲೆ ಯಾರದೋ ಮಗು ಮಲಗಿ ಜೊಲ್ಲು ಸುರಿಸುತ್ತಿತ್ತು. ಕಾಲ ಸಂದಿಯಲ್ಲಿ ಯಾರದೋ ಹುಣಸೆಹಣ್ಣಿನ ಚೀಲ. ಭುಜಕ್ಕೆ ಒರಗಿ ಯಾರದೋ ಅಜ್ಜಿ. ಹೆಂಗಸರಿಗೆ ಬಸ್ಸು ಬಿಟ್ಟಿಯಾಗಿದೆ, ಸಂತೋಷ. ಬಸ್ಸಿನಲ್ಲಿ ತೊಡೆ ಖಾಲಿ ಇಟ್ಟುಕೊಂಡು ಕೂರುವ ಹಕ್ಕು ಇನ್ನೂ ಬಂದಿಲ್ಲ. ಬೋರಯ್ಯನೂ ನೋಡಿದ. ನೋಡಿ, "ಆಯ್ತು, ಹೋಗಾಣ" ಎಂದ.

ಬೋರಯ್ಯ ಒಳ್ಳೆಯವನು. ನಮ್ಮ ಕಡೆ ಯಾರಿಗೂ ಇಲ್ಲ ಎನ್ನಲು ಬಾರದ ಗಂಡಸಿಗೆ ಒಳ್ಳೆಯವನು ಎನ್ನುತ್ತಾರೆ. ಬೋರ್‌ವೆಲ್ಲಿನ ವಾಷರ್ ತರಲು ಹೋದವನು ಅಂಗಡಿಯವನ ಅಳಿಯನಿಗೆ ಹೆಣ್ಣು ನೋಡಿಕೊಂಡು ಬರುವಂಥ ಒಳ್ಳೆಯವನು. ಆದರೂ ಈ ಸಲ ಅರಸೀಕೆರೆಗೆ ಕೊಬ್ಬರಿ ಹಾಕಲು ಹೋದಾಗ ಮರೆಯದೆ ಟ್ರಾವೆಲ್ಸ್ ಅಂಗಡಿಯ ಬಾಗಿಲಿಗೆ ಹೋಗಿ, ದಾರಿ, ವಸತಿ, ದೋಣಿ ಎಲ್ಲ ಕೇಳಿಕೊಂಡು ಬಂದ. ಅಲ್ಲಿ ಚಳಿ ಎಂದರಂತೆ. ಹೆಂಡತಿಗೆ ಒಂದು ಗುಲಾಬಿ ಬಣ್ಣದ ಸ್ವೆಟರ್ ತಂದ. ಅಂಥ ಬಿಸಿಲಿನಲ್ಲೂ ಸಾವಿತ್ರಮ್ಮ ಅದನ್ನು ತೊಟ್ಟು, ಬೆವರುತ್ತಲೇ ಮುದ್ದೆ ತಿರುವಿದಳು.

ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ತೋಟದಲ್ಲಿ ಕೂತು, ಕಳ್ಳತನಕ್ಕೆ ಹೊರಟವರ ಹಾಗೆ ತಗ್ಗಿದ ದನಿಯಲ್ಲಿ ಯೋಚನೆ ಮಾಡುತ್ತಿದ್ದರು. ಹಸುವಿನ ಹಾಲು ಯಾರು ಕರೆಯಬೇಕು, ದಾರಿಗೆ ರೊಟ್ಟಿಯೋ ಚಿತ್ರಾನ್ನವೋ.

"ದೋಣೀಲಿ ಎದುರುಬದುರಾ, ಪಕ್ಕಪಕ್ಕವಾ?" ಎಂದಳು ಅವಳು.

"ಪಕ್ಕಪಕ್ಕ." ಬೋರಯ್ಯ ತೆಂಗಿನ ಗರಿಯೊಂದನ್ನು ಸೀಳುತ್ತ ಸೇರಿಸಿದ: "ತೂಕ ಸರಿಹೋಯ್ತದೆ ಅಂತ ಅಷ್ಟೇಯ."

ಇಷ್ಟು ವರ್ಷದ ಸಂಸಾರದಲ್ಲಿ ಅವರು ಪಕ್ಕಪಕ್ಕ ಕೂತದ್ದು ಧಾರೆಯ ಹೊತ್ತಿನಲ್ಲಿ, ಆಮೇಲೆ ರೇಷನ್ ಕಾರ್ಡಿನ ಫೋಟೊಕ್ಕೆ. ಸಾವಿತ್ರಮ್ಮ ಮೊಣಕಾಲು ತಬ್ಬಿಕೊಂಡು ದೂರ ನೋಡುತ್ತಿದ್ದಳು. ಎದುರಿಗಿದ್ದದ್ದು ಒಣಗಿದ ಹುರುಳಿ ಹೊಲ. ಅವಳ ಮುಖ ನೋಡಿದರೆ ಅಲ್ಲಿ ನೀರು ಅಲೆಯುತ್ತಿದೆ ಎಂದೇ ಯಾರಾದರೂ ನಂಬಬೇಕಿತ್ತು.

ಮಾರನೆಯ ಬೆಳಗ್ಗೆ ಬೋರಯ್ಯ ಡೈರಿಗೆ ಹಾಲು ಹಾಕಲು ಹೋದ. ಡೈರಿಯ ಕಾರ್ಯದರ್ಶಿ ಜಯದೇವಪ್ಪ ಇವನ ಓರಗೆಯವನು. ಊರಿನ ಹಾಲಿನ ನೀರನ್ನೂ ಊರಿನ ಸುದ್ದಿಯ ನೀರನ್ನೂ ಅಳೆಯುವವನು ಅವನೇ.

"ಏನ್ಲಾ ಬೋರ, ಅರಸೀಕೆರೇಲಿ ಟ್ರಾವೆಲ್ಸ್ ಬಾಗಿಲಲ್ಲಿ ನಿಂತಿದ್ದ್ಯಂತೆ. ಯಾವ ಕಡೆ ಸವಾರಿ?"

"ಕೊಡೈಕೆನಾಲು."

"ಅಲ್ಲೇನೈತೆ?"

"ಕೆರೆ."

ಜಯದೇವಪ್ಪ ಅಳತೆ ಕೊಳವೆಯನ್ನು ಹಾಲಿನಿಂದ ಮೇಲೆತ್ತಿದ. "ಹಳೇಬೀಡ್ ಕೆರೆಗೆ ಏನ್ ಬಂದೈತ್ಲಾ ರೋಗ?"

"ಅದು ಬೆಟ್ಟದ ಮೇಲಿನ ಕೆರೆ. ದೋಣಿ ಐತೆ."

"ದೋಣೀಲಿ?"

"ಕೂತ್ಕಂಡು ಒಂದ್ ಸುತ್ತು."

"ಸುತ್ತು ಹಾಕಿ?"

"ಇಳಿಯಾದು."

ಕ್ಯಾನು ಹಿಡಿದು ನಿಂತ ಸಾಲು ಪೂರ್ತಿ ಇತ್ತ ತಿರುಗಿತು. ಜಯದೇವಪ್ಪ ಮೆಲ್ಲಗೆ ಕೇಳಿದ: "ಯಾರ್ ಜೊತೆಗ್ಲಾ?"

ಹೆಂಡತಿಯ ಜೊತೆಗೆ ಎಂದರೆ ಮುಗಿಯುತ್ತಿತ್ತು. ಆದರೆ ಓದುಗರು ಆ ಸಾಲನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಬೇಕು. ಹೆಂಡತಿಗೆ ಬಾರಿಸಿದೆ ಎಂದು ಅಲ್ಲಿ ನಿಂತು ಹೇಳಿದವರಿದ್ದಾರೆ, ಅದಕ್ಕೆ ಯಾರ ಕ್ಯಾನೂ ಅಲುಗಿರಲಿಲ್ಲ. ಹೆಂಡತಿಯನ್ನು ಸಂತೋಷಪಡಿಸಲು ಕರೆದುಕೊಂಡು ಹೋಗುತ್ತೇನೆ ಎಂದವನು ಮಾತ್ರ ಆವತ್ತಿನವರೆಗೆ ಒಬ್ಬನೂ ಇರಲಿಲ್ಲ. ಮೊದಲಿಗನಾಗುವ ಧೈರ್ಯ ಬೋರಯ್ಯನ ಜಾತಕದಲ್ಲಿರಲಿಲ್ಲ. ಅವನ ಕಿವಿ ಬಿಸಿಯಾಯಿತು, ನಾಲಿಗೆ ತಾನೇ ಒಂದು ದಾರಿ ಹುಡುಕಿಕೊಂಡಿತು.

"ಪಳನಿಗೆ ಕಣ್ಲಾ. ಪಳನಿ ಸುಬ್ರಹ್ಮಣ್ಯಸ್ವಾಮಿಗೆ ಹರಕೆ ಐತೆ. ಆ ಕೆರೆ ಅಲ್ಲೇ ಮೇಲ್ಗಡೆ ಸಿಕ್ತದೆ."

ಸಾಲು ಉಸಿರು ಬಿಟ್ಟಿತು. ಒಬ್ಬ ಟವೆಲ್ಲನ್ನು ತಲೆಯಿಂದ ತೆಗೆದು ಕಂಕುಳಲ್ಲಿಟ್ಟ. ಆ ದಿನ ಬೋರಯ್ಯನ ಹಾಲಿಗೆ ಡಿಗ್ರಿಯೂ ಚೆನ್ನಾಗಿ ಬಂತು.

ಹರಕೆ ಎಂಬ ಮಾತು ಬಾಯಿಯಿಂದ ಬಿದ್ದ ಮೇಲೆ ಆಡಿದವನ ಮನೆಯದಾಗಿ ಉಳಿಯುವುದಿಲ್ಲ, ಊರಿನ ಗೋಮಾಳವಾಗುತ್ತದೆ. ಮಧ್ಯಾಹ್ನದೊಳಗೆ ಅರಳಿಕಟ್ಟೆಯಲ್ಲಿ ವಿಚಾರಣೆ ಶುರುವಾಯಿತು. ಕುಕ್ಕೆ ಸುಬ್ರಹ್ಮಣ್ಯ ಇಷ್ಟು ಹತ್ತಿರ ಇರುವಾಗ ಈ ಮನುಷ್ಯ ಅಷ್ಟು ದೂರದ ಪಳನಿಗೆ ಏಕೆ ಹೋಗುತ್ತಾನೆ? ತಾಲ್ಲೂಕು ಕೋರ್ಟಿನಲ್ಲಿ ತೀರದ ವ್ಯಾಜ್ಯವನ್ನು ಹೈಕೋರ್ಟಿಗೆ ಒಯ್ಯುವ ಹಾಗಲ್ಲವೆ ಇದು? ಅಂದರೆ ಕೇಸು ದೊಡ್ಡದು. ಮನೆಯಲ್ಲಿ ಕೇಸಾಗಬಲ್ಲವರು ಯಾರು? ಆಗ ಪಕ್ಕದ ಮನೆಯವಳು ಸಾಕ್ಷಿ ನುಡಿದಳು: ಸುಡುಬಿಸಿಲಿನಲ್ಲಿ ಸಾವಿತ್ರಮ್ಮ ಸ್ವೆಟರ್ ಹಾಕಿಕೊಂಡು ಕೂತಿದ್ದನ್ನು ನಾನು ಕಣ್ಣಾರೆ ಕಂಡೆ.

ಸಂಜೆಯಿಂದ ಜನ ಬರತೊಡಗಿದರು. ಬ್ರೆಡ್ಡು ತಂದರು, ಮೋಸಂಬಿ ತಂದರು. ತೆಂಗಿನ ತೋಟದವನ ಮನೆಗೆ ಎಳನೀರು ಹಿಡಿದುಕೊಂಡು ಬಂದರು. ಬಂದ ಹೆಂಗಸರು ಸಾವಿತ್ರಮ್ಮನ ಕೈ ಹಿಡಿದು, ಏನನ್ನೂ ಕೇಳದೆ, ಸೂರಿನ ಕಡೆ ನೋಡಿ ನಿಟ್ಟುಸಿರಿಡುತ್ತಿದ್ದರು. ಆಶಾ ಕಾರ್ಯಕರ್ತೆ ಬಿಪಿ ಮಿಷನ್ ತಂದು ತೋಳಿಗೆ ಸುತ್ತಿದಳು. ಬಿಪಿ ಸರಿಯಾಗಿಯೇ ಇತ್ತು. ಅವಳು ತಲೆಯಾಡಿಸಿ, "ಕೆಲವು ಕಾಯಿಲೆ ಮಿಷನ್ನಿಗೆ ಸಿಗಲ್ಲ ಕಣಕ್ಕ" ಎಂದಳು.

"ನಂಗೇನೂ ಆಗಿಲ್ಲ ಕಣ್ರವ್ವ. ದೋಣೀಲಿ ಸುಮ್ನೆ ಕೂತ್ಕಳಕ್ಕೆ ಹೋಯ್ತಿದೀನಿ," ಎಂದಳು ಸಾವಿತ್ರಮ್ಮ. ಎಲ್ಲರಿಗೂ, ಬಿಡಿಸಿ ಬಿಡಿಸಿ.

ಸತ್ಯ ನುಡಿದುದರ ಫಲ ಅವಳಿಗೆ ಅಲ್ಲಿಯೇ ದೊರೆಯಿತು. ಹೆಂಗಸರು ಬಾಗಿಲಾಚೆ ಹೋಗಿ, "ಪಾಪ, ತಲೆಗೇ ಏರಿಬಿಟ್ಟೈತೆ. ದೋಣಿ ಅಂತಾಳೆ, ಕೂತ್ಕಬೇಕು ಅಂತಾಳೆ, ಯಾಕೆ ಅಂದ್ರೆ ಸುಮ್ನೆ ಅಂತಾಳೆ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಹೆಂಗಸೊಬ್ಬಳು ಜ್ವರ ಬಂದು ಮಲಗಬಹುದು, ಮೈಮೇಲೆ ದೇವರು ಬಂದು ಕುಣಿಯಬಹುದು. ಏನೂ ಬಾರದೆ ಸುಮ್ಮನೆ ಕೂರುತ್ತೇನೆಂದರೆ ನಂಬುವವರು ಯಾರು?

ಜನ ಕರಗಿದ ಮೇಲೆ ಅವಳು ಗಂಡನ ಎದುರು ಬಂದು ನಿಂತಳು. "ಪಳನಿ ಅಂತ ಯಾಕಂದ್ರಿ?"

"ಬಾಯಿಗೆ ಬಂತು."

"ನನ್ನ ಹೆಸರು ಬರಲಿಲ್ವಾ?"

ಬೋರಯ್ಯ ಮೋಸಂಬಿಯೊಂದನ್ನು ಕೈಯಲ್ಲಿ ಉರುಳಿಸಿದ. "ನಾಳೆ ಹೇಳ್ಬಿಡ್ತೀನಿ ಕಣೇ. ಎಲ್ಲಾರ ಎದುರಿಗೂವೆ."

ಮಾರನೆಯ ದಿನ ಅವನು ಹೇಳಬೇಕೆಂದೇ ಹೋದ. ಬಾಯಿ ತೆರೆಯುವ ಮೊದಲೇ ಜಯದೇವಪ್ಪ ಅರಿಶಿನದ ಬಟ್ಟೆಯಲ್ಲಿ ಕಟ್ಟಿದ ಕಾಸೊಂದನ್ನು ಅವನ ಅಂಗೈಗಿಟ್ಟು, "ನಮ್ಮನೇದೂ ಹುಂಡಿಗೆ ಹಾಕ್ಬಿಡ್ಲಾ" ಎಂದ. ಹಿಂದೆ ನಿಂತವರೆಲ್ಲ ಮನೆಯಿಂದ ಅಂಥದೇ ಗಂಟು ತಂದಿದ್ದರು. ಬೆಳ್ಳಿಯ ನಾಗರ, ಬೆಳ್ಳಿಯ ಕಣ್ಣು, ಯಾರದೋ ಕೂಸಿನ ಮೊದಲ ಕೂದಲು. ದೇವರಿಗೆಂದು ಕೊಟ್ಟದ್ದನ್ನು ಬೇಡ ಎನ್ನುವ ಹಾಗಿಲ್ಲ. ಟವೆಲ್ಲಿನ ತುಂಬ ಊರಿನ ಕಷ್ಟ ಹೊತ್ತುಕೊಂಡು ಬಂದ ಗಂಡನನ್ನು ಸಾವಿತ್ರಮ್ಮ ಬಾಗಿಲಲ್ಲಿಯೇ ನೋಡಿದಳು. ನೋಡಿ ಒಳಗೆ ಹೋದಳು.

ಸಾಲದು ಎಂಬಂತೆ ಬೋರಯ್ಯನ ಅಕ್ಕ ಹನುಮಮ್ಮ ಬಿಕ್ಕೋಡಿನಿಂದ ಬಸ್ಸಿಳಿದಳು. ಕೈಯಲ್ಲಿ ಚೀಲ, ಹಣೆಯಲ್ಲಿ ಅಂಗೈ ಅಗಲ ವಿಭೂತಿ.

"ಅಲ್ಲ ಕಣೋ ಬೋರ, ಪಳನಿಗೆ ಹೊರಟಿದೀಯ, ಒಡಹುಟ್ಟಿದೋಳಿಗೆ ಒಂದು ಮಾತಿಲ್ಲ. ನಾನೇನು ಸತ್ತೋಗಿದ್ನಾ?"

"ಇಲ್ಲಕ್ಕ, ಅದು..."

"ವ್ರತ ಶುರು ಮಾಡಿದೀರಾ ಇಲ್ವಾ?"

ಮಾಡಿರಲಿಲ್ಲ. ಹನುಮಮ್ಮ ಮಾಡಿಸಿದಳು. ಅಡಿಗೆಮನೆಯಿಂದ ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ ಗಡೀಪಾರಾದವು. ತಲೆಗೆ ತಣ್ಣೀರು, ಒಪ್ಪತ್ತು ಊಟ. ಮತ್ತು ಹೋಗಿ ಬರುವ ತನಕ ಗಂಡ ಹೆಂಡಿರು ಬೇರೆ ಬೇರೆ ಮಲಗಬೇಕು: ಅವಳು ನಡುಮನೆಯಲ್ಲಿ ಅತ್ತಿಗೆಯ ಪಕ್ಕ, ಅವನು ಜಗಲಿಯಲ್ಲಿ ಹಸುವಿನ ಪಕ್ಕ. ದೋಣಿಯಲ್ಲಿ ಪಕ್ಕಪಕ್ಕ ಕೂರಲು ಹೊರಟ ದಂಪತಿಗಳು ಮನೆಯೊಳಗಿನ ಪಕ್ಕವನ್ನೂ ಕಳೆದುಕೊಂಡರು. ಜಗಲಿಯಲ್ಲಿ ಬೋರಯ್ಯ ಮಗ್ಗುಲು ಬದಲಿಸಿದಾಗಲೆಲ್ಲ ಬಾಗಿಲ ಸಂದಿಯಿಂದ ಸಾವಿತ್ರಮ್ಮನ ಬಳೆಯ ಸದ್ದು ಕೇಳುತ್ತಿತ್ತು. ಅದು ಯಾವುದೋ ಊರಿನಿಂದ ಬರುವ ಸದ್ದಿನ ಹಾಗೆ ಅವನಿಗೆ ಕೇಳಿಸುತ್ತಿತ್ತು.

ಜಯದೇವಪ್ಪ ಇಷ್ಟರಲ್ಲಿ ಯಾತ್ರೆಯ ಮುಂದಾಳತ್ವ ವಹಿಸಿದ. ಯಾರೂ ವಹಿಸಿಕೊಟ್ಟಿರಲಿಲ್ಲವಾದ್ದರಿಂದ ಅವನೇ ವಹಿಸಿಕೊಂಡ. ಅರುಣ್‌ಕುಮಾರನ ಟೆಂಪೊ ಟ್ರಾವೆಲರ್ ಗಾಡಿ ಗೊತ್ತಾಯಿತು, ಓಡಿಸುವವನೂ ಅವನೇ. ಒಂದು ಸೀಟು ಹನುಮಮ್ಮನಿಗೆ, ಒಂದು ಜಯದೇವಪ್ಪನಿಗೆ, ಒಂದು ಅವನ ಹೆಂಡತಿಗೆ, ಇನ್ನುಳಿದವು ಅರಳಿಕಟ್ಟೆಗೆ. ಕೊನೆಗೆ ಹಿಂದಿನ ಮೂಲೆಯಲ್ಲಿ, ಅಕ್ಕಿ ಚೀಲದ ಪಕ್ಕದಲ್ಲಿ ಒಂದು ಜಾಗ ಉಳಿಯಿತು. ಅದು ಸಾವಿತ್ರಮ್ಮನಿಗೆ. ಬೋರಯ್ಯನಿಗೆ ಡ್ರೈವರನ ಪಕ್ಕ, ಇಂಜಿನ್ನಿನ ಮೇಲೆ.

ಹೊರಡುವ ಬೆಳಗ್ಗೆ ಊರು ನೆರೆದು ಬೀಳ್ಕೊಟ್ಟಿತು. ಸಾವಿತ್ರಮ್ಮ ಗಾಡಿ ಹತ್ತುವಾಗ ಹೆಂಗಸರು ಅವಳನ್ನು ಎರಡೂ ಕಡೆ ಹಿಡಿದು ಹತ್ತಿಸಿದರು. ನೆಟ್ಟಗೆ ನಡೆಯಬಲ್ಲವಳು ಬಾಣಂತಿಯ ಹಾಗೆ ಹತ್ತಿ ಕೂತಳು. ಸತ್ಯಮಂಗಲದ ಘಾಟಿಯಲ್ಲಿ ಗಾಡಿ ನಿಂತಾಗ ಅವಳು ಗಂಡನ ಬಳಿ ಬಂದು ಇಷ್ಟೇ ಕೇಳಿದಳು: "ದೋಣಿ ಐತಲ್ವೇನ್ರಿ?"

"ಐತೆ ಕಣೇ."

"ಈಗಲೂ?"

"ಈಗಲೂ ಐತೆ."

ಪಳನಿಯಲ್ಲಿ ಮುಡಿ ಕೊಡುವ ಕಡೆ ಹನುಮಮ್ಮ ಸಾವಿತ್ರಮ್ಮನ ಜಡೆಗೆ ಕೈ ಹಾಕಿದಳು. "ಬಾರೇ, ಕಾಯಿಲೆ ನಿಂದು, ಮುಡಿನೂ ನಿಂದೇ."

ಸಾವಿತ್ರಮ್ಮ ಜಡೆ ಬಿಡಿಸಿಕೊಂಡಳು. ಊರು ಬಿಟ್ಟ ಮೇಲೆ ಅವಳು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು. "ಅತ್ತಿಗೆಮ್ಮ, ನಾನು ಈ ದೇವರ ಹತ್ರ ಏನೂ ಕೇಳಿಲ್ಲ. ಕೇಳದೇ ಇದ್ದದ್ದಕ್ಕೆ ಕೊಡಾದು ಏನು? ನಾನು ಕೇಳಿದ್ದು ಇವರನ್ನ." ಅವಳು ತೋರಿಸಿದ ಬೆರಳಿನ ತುದಿಯಲ್ಲಿ ಬೋರಯ್ಯ ಇದ್ದ.

ಬೋರಯ್ಯ ಹೋಗಿ ಕತ್ತಿಯ ಕೆಳಗೆ ಕೂತ. ಅವನ ತಲೆ ಬೋಳಾಗುವುದನ್ನು ನೋಡಿ ಜಯದೇವಪ್ಪನಿಗೆ ಮುಂದಾಳು ಹಿಂದೆ ಬೀಳಬಾರದು ಎನ್ನಿಸಿತು. ಅವನೂ ಕೂತ. ಡೈ ಹಾಕಿ ಹಾಕಿ ಕಾಪಾಡಿಕೊಂಡು ಬಂದಿದ್ದ ಕಾರ್ಯದರ್ಶಿಯ ಕ್ರಾಪು ಪಳನಿಯ ನೆಲಕ್ಕೆ ಬಿತ್ತು.

ಮಾರನೆಯ ದಿನ ಘಾಟಿ ಹತ್ತಿ ಕೊಡೈಕೆನಾಲು ಸೇರುವಾಗ ಹೊತ್ತು ವಾಲಿತ್ತು. ಕೆರೆ ಇದ್ದೇ ಇತ್ತು. ವಿಡಿಯೊದಲ್ಲಿ ಕಂಡದ್ದಕ್ಕಿಂತ ದೊಡ್ಡದು. ಬೆಟ್ಟಗಳು ನೀರಿನೊಳಗೆ ತಲೆಕೆಳಗಾಗಿ ನಿಂತಿದ್ದವು. ಮೋಡ ಇಳಿದು ಬರುತ್ತಿತ್ತು. ಸಾವಿತ್ರಮ್ಮ ಗುಲಾಬಿ ಸ್ವೆಟರಿನ ಗುಂಡಿ ಹಾಕಿಕೊಂಡು ದಡದಲ್ಲಿ ನಿಂತಳು. ಅವಳಿಗೆ ಯಾರ ಮಾತೂ ಕೇಳುತ್ತಿರಲಿಲ್ಲ.

ಕೇಳದಿದ್ದರೂ ಹನುಮಮ್ಮ ಆಡಿದಳು. "ಇದೇ ಕೊನೇ ಸುತ್ತಂತೆ. ಎಲ್ಲಾರೂ ಒಂದೊಂದು ದೋಣಿ ಹತ್ತಾಣ. ಸಾವಿತ್ರಿ, ಹುಷಾರಿಲ್ಲದೋಳು ನೀರಿನ ಮೇಲೆ ಹೋಗಬಾರದು, ಗಾಳಿ ಸೋಕ್ತದೆ. ನೀನು ಪ್ರಸಾದದ ಚೀಲ ಹಿಡ್ಕಂಡು ಇಲ್ಲೇ ನಿಂತ್ಕ. ನೆಲಕ್ಕೆ ಇಡಂಗಿಲ್ಲ, ನೋಡ್ಕ."

ಇಡೀ ಊರಿನ ಪಂಚಾಮೃತದ ಡಬ್ಬಗಳಿದ್ದ ಚೀಲ ಸಾವಿತ್ರಮ್ಮನ ಎರಡೂ ಕೈ ತುಂಬಿತು. ಜಾವಗಲ್ಲಿನ ಭಕ್ತಾದಿಗಳು ಒಬ್ಬರ ಹಿಂದೊಬ್ಬರು ದೋಣಿಗಳ ಕಡೆ ನಡೆದರು. ಅವಳು ಚೀಲ ಎದೆಗೊತ್ತಿಕೊಂಡು ಗಂಡನನ್ನು ನೋಡಿದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಬೋರಯ್ಯ ಎಂದಿನ ಹಾಗೆ ತಲೆ ತಗ್ಗಿಸಿ ಪಾರಾಗುತ್ತಿದ್ದ.

"ಪಳನಿ ಸುಳ್ಳು," ಎಂದ ಬೋರಯ್ಯ.

ಯಾರಿಗೂ ಕೇಳಿಸಲಿಲ್ಲ. ಅವನಿಗೆ ಕೂಗಿ ಅಭ್ಯಾಸವಿರಲಿಲ್ಲ. ಎರಡನೆಯ ಸಲ ದನಿ ಒಡೆದು ದೊಡ್ಡದಾಗಿ ಬಂತು. "ಪಳನಿ ಸುಳ್ಳು ಕಣ್ರಪ್ಪ. ಹರಕೆ ಸುಳ್ಳು. ಇವ್ಳಿಗೆ ಯಾವ ಕಾಯಿಲೇನೂ ಇಲ್ಲ. ಇವ್ಳು ದೋಣೀಲಿ ಕೂತ್ಕಬೇಕು ಅಂದ್ಲು, ನಾನು ನನ್ನ ಹೆಂಡ್ತೀನ ದೋಣೀಲಿ ಕೂರ್ಸಕ್ಕೆ ಅಂತ ಹೊರಟೆ. ಹೇಳಕ್ಕೆ ನಾಚಿಕೆ ಆಯ್ತು. ಅಷ್ಟೇಯ."

ದೋಣಿಗೆ ಒಂದು ಕಾಲಿಟ್ಟಿದ್ದವರು ಕಾಲು ಹಿಂದಕ್ಕೆ ತೆಗೆದರು. ಜಯದೇವಪ್ಪ ನಿಧಾನವಾಗಿ ಕೈಯೆತ್ತಿ ತನ್ನ ಬೋಳು ತಲೆಯನ್ನು ಮುಟ್ಟಿಕೊಂಡ.

"ಹಂಗಾದ್ರೆ ಇದು?"

ಬೋರಯ್ಯ ತನ್ನದನ್ನೂ ಮುಟ್ಟಿಕೊಂಡ.

"ಇದಕ್ಕೆ ಯಾರ್ಲಾ ಜವಾಬ್ದಾರಿ? ನಾಡಿದ್ದು ಹಾಲು ಒಕ್ಕೂಟದ ಸಭೆ ಐತೆ, ನಾನು ಸ್ಟೇಜ್ ಮೇಲೆ ಕೂರಬೇಕು."

"ದೇವರ ಹೆಸರಲ್ಲಿ ಸುಳ್ಳು," ಎಂದು ಹನುಮಮ್ಮ ದಡದ ಕಲ್ಲಿನ ಮೇಲೆ ಕುಸಿದಳು. "ಅದೂ ಹೆಂಡ್ತಿಗೋಸ್ಕರ. ಅಪ್ಪನ ಕಾಲದಲ್ಲಿ ನಮ್ಮನೇಲಿ ಹಿಂಗೆ ಹೆಂಡ್ತಿಗೋಸ್ಕರ ಯಾರೂ ಏನೂ ಮಾಡಿರಲಿಲ್ಲ."

ಇದು ಅವಳು ಜೀವಮಾನದಲ್ಲಿ ನುಡಿದ ಅತ್ಯಂತ ನಿಜವಾದ ಮಾತು. ಆದರೆ ಅದನ್ನು ಗಮನಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಕಟ್ಟಿದ ಕಾಸುಗಳು ದೇವರಿಗೆ ಸೇರಿದವೋ ಇಲ್ಲವೋ, ಮುಡಿ ಲೆಕ್ಕಕ್ಕೆ ಬಂತೋ ಇಲ್ಲವೋ, ಬೋರಯ್ಯನನ್ನು ಗಾಡಿಯಲ್ಲಿ ವಾಪಸ್ಸು ಕರೆದುಕೊಂಡು ಹೋಗಬೇಕೋ ಬೇಡವೋ ಎಂದು ಸುತ್ತ ನಿಂತು ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು.

ಆ ಗದ್ದಲದ ನಡುವೆ ಸಾವಿತ್ರಮ್ಮ ಬಂದು ಪ್ರಸಾದದ ಚೀಲವನ್ನು ಗಂಡನ ಎರಡೂ ಕೈಗೆ ಇಟ್ಟಳು. "ಹಿಡ್ಕಳಿ. ನೆಲಕ್ಕೆ ಇಡಂಗಿಲ್ವಂತೆ." ಅಷ್ಟು ಹೇಳಿ ಮೆಟ್ಟಿಲಿಳಿದು ಹೋಗಿ ದೋಣಿ ಹತ್ತಿದಳು. ಬೋರಯ್ಯ ಹಿಂದೆ ಹೊರಟ. ಜಯದೇವಪ್ಪ ಅವನ ಅಂಗಿ ಹಿಡಿದ. "ಎಲ್ಲಿಗ್ಲಾ? ಮೊದ್ಲು ಉತ್ತರ ಹೇಳು." ದೋಣಿಯವನು ಒಮ್ಮೆ ಕಾದ, ಗಡಿಯಾರ ನೋಡಿದ, ಹುಟ್ಟು ಹಾಕಿದ.

ದೋಣಿ ದಡ ಬಿಟ್ಟಿತು. ಹಲಗೆಯ ಮೇಲೆ ಸಾವಿತ್ರಮ್ಮ ಒಂದು ಬದಿಗೆ ಸರಿದು ಕೂತಿದ್ದಳು. ಪಕ್ಕದಲ್ಲಿ ಒಬ್ಬ ಗಂಡಸಿನಷ್ಟು ಜಾಗ ಖಾಲಿ ಇತ್ತು. ಬೆನ್ನು ನೆಟ್ಟಗಿತ್ತು. ಕೈಗಳು ತೊಡೆಯ ಮೇಲೆ, ತೊಡೆಯ ಮೇಲೆ ಬೇರೇನೂ ಇಲ್ಲ. ಅವಳು ಹಿಂದಿರುಗಿ ನೋಡಲಿಲ್ಲ. ಸ್ವೆಟರಿನ ಗುಲಾಬಿ ಬಣ್ಣ ಮೆಲ್ಲಗೆ ಚಿಕ್ಕದಾಗುತ್ತ, ಮೋಡದ ಅಂಚಿಗೆ ಹೋಗಿ, ಅದರೊಳಗೆ ಸೇರಿತು.

ಬೋರಯ್ಯನಿಗೆ ಆಗ ಸುತ್ತಲಿನ ಬೈಗುಳ ಕೇಳಿಸುವುದು ನಿಂತಿತು. ಇಷ್ಟು ವರ್ಷ ಆ ಹೆಂಗಸು ಒಲೆಯ ಮುಂದೆ, ಕೊಟ್ಟಿಗೆಯಲ್ಲಿ, ಕಾಯಿ ಸುಲಿಯುವಲ್ಲಿ, ಕೂಗಿದರೆ ಓಗೊಡುವಷ್ಟು ಹತ್ತಿರದಲ್ಲೇ ಇದ್ದಳು. ಈಗ ಕೂಗಿದರೂ ಕೇಳದಷ್ಟು ದೂರ. ಅವಳ ಮುಖ ಈಗ ಹೇಗಿರಬಹುದು? ನಗುತ್ತಿದ್ದಾಳೆಯೆ, ಅಳುತ್ತಿದ್ದಾಳೆಯೆ? ಸುಮ್ಮನೆ ಕೂತಾಗ ಅವಳ ಮುಖ ಹೇಗಿರುತ್ತದೆ ಎಂಬುದನ್ನೇ ಅವನು ಯಾವತ್ತೂ ನೋಡಿರಲಿಲ್ಲ. ಆ ಖಾಲಿ ಜಾಗದಲ್ಲಿ ಕೂತು ಅದೊಂದನ್ನು ನೋಡಬೇಕೆಂಬ ಆಸೆ ಅವನಿಗೆ ಹಸಿವಿನ ಹಾಗೆ ಹೊಟ್ಟೆಯಿಂದ ಎದ್ದಿತು. ಚಳಿಗಾಳಿ ಬೋಳುತಲೆಯ ಮೇಲೆ ಹಾಯುತ್ತಿತ್ತು. ಕೈಗಳಲ್ಲಿ ಚೀಲ ಭಾರವಾಗುತ್ತಿತ್ತು.

ಮೋಡ ಸರಿದಾಗ ದೋಣಿ ವಾಪಸ್ಸು ಬರುತ್ತಿತ್ತು. ಸೀಟಿ ಊದಿ, ಇನ್ನು ಮುಗಿಯಿತು, ನಾಳೆ ಬನ್ನಿ ಎಂದು ಕೌಂಟರಿನವನು ಕಿಟಕಿ ಮುಚ್ಚಿದ. ಸಾವಿತ್ರಮ್ಮ ತಾನಾಗಿಯೇ ಇಳಿದು ಮೆಟ್ಟಿಲು ಹತ್ತಿ ಬಂದಳು. ಮುಂಗೈ ತನಕ ಸ್ವೆಟರಿನ ತೋಳು ಒದ್ದೆಯಾಗಿತ್ತು. ಜಗಳ ಆಡುತ್ತಿದ್ದವರು ಅವಳಿಗೆ ದಾರಿ ಬಿಟ್ಟರು.

"ಹೆಂಗಿತ್ತೇ?" ಎಂದ ಬೋರಯ್ಯ.

ಅವಳು ಯೋಚಿಸಿದಳು. ಕಡೆಗೆ ಒದ್ದೆ ಅಂಗೈಯನ್ನು ಎತ್ತಿ ಅವನ ಬೋಳುತಲೆಯ ಮೇಲೆ ಮೆತ್ತಗೆ ಇಟ್ಟಳು.

"ಇಷ್ಟು ತಣ್ಣಗಿತ್ತು ಕಣ್ರೀ."

ಇಡೀ ಜಾವಗಲ್ಲು ನೋಡುತ್ತಿತ್ತು. ನೀರು ಹಣೆಯಿಂದಿಳಿದು ಹುಬ್ಬಿಗೆ ಬಂತು. ಬೋರಯ್ಯ ಅಲುಗಿದರೆ ಆ ಕೈ ಎಲ್ಲಿ ತೆಗೆದುಬಿಡುತ್ತಾಳೋ ಎಂದು ಕಣ್ಣು ಮುಚ್ಚಿಕೊಂಡು ನಿಂತ. ಮೇಲೆ ರಸ್ತೆಯಲ್ಲಿ ಅರುಣ್‌ಕುಮಾರ ಹಾರನ್ ಹೊಡೆಯುತ್ತಲೇ ಇದ್ದ.